ಸಿದ್ಧಲಿಂಗೇಶನಿಗೆ ಅಟ್ಲಾಂಟಾದಿಂದ ಬಂದ ಫೋನು

ಅಮೆರಿಕದ ಹರ್ನ್‌ಡನ್ ಎಂಬ ಊರಿನ ಹೈಸ್ಕೂಲಿನಲ್ಲಿ ಹಗಲೆಲ್ಲ ಗಣಿತ ಪಾಠ, ಮೂರೂವರೆ ಆದಮೇಲೆ ಫುಟ್‌ಬಾಲು. ಸಿದ್ಧಲಿಂಗೇಶನ ಹದಿನೇಳು ವರ್ಷ ಹೀಗೇ ಕಳೆದಿದ್ದವು. ಫುಟ್‌ಬಾಲೆಂದರೆ ಅಮೆರಿಕದ್ದು, ಕಾಲಿಗಿಂತ ಕೈಗೇ ಕೆಲಸ ಹೆಚ್ಚು, ಚೆಂಡು ಹಿಡಿದು ಓಡುವವನನ್ನು ಕೆಡವಬೇಕು. ಕೆಡವುವುದನ್ನು ಕಲಿಸುವುದರಲ್ಲಿ ಇವನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಗದಗಿನಲ್ಲಿ ಇವನಪ್ಪ ಕಬಡ್ಡಿ ಆಡಿಸುತ್ತಿದ್ದ ಡ್ರಿಲ್ ಮಾಸ್ತರರು. "ಸೊಂಟ ನೋಡಲೇ, ಕಣ್ಣು ನೋಡಬ್ಯಾಡ. ಕಣ್ಣು ಸುಳ್ಳು ಹೇಳ್ತಾವ" ಎಂಬ ಅವರ ಮಾತನ್ನೇ ಇವನು ಇಂಗ್ಲಿಷಿನಲ್ಲಿ ಹೇಳಿಕೊಟ್ಟ. ಹುಡುಗರು ಗೆಲ್ಲುತ್ತಾ ಹೋದರು, ಇವನು ಅಸಿಸ್ಟೆಂಟ್ ಕೋಚ್ ಆಗಿಯೇ ಉಳಿದ. ಒಂದು ದಿನವಾದರೂ ಹೆಡ್ ಕೋಚ್ ಆಗಬೇಕು, ಅಷ್ಟೇ ಅವನ ಆಸೆ.

2020ರ ಕೋವಿಡ್‌ನಲ್ಲಿ ಆಟವನ್ನು ಮುಂದಿನ ಫೆಬ್ರವರಿ ಚಳಿಗೆ ಮುಂದೂಡಿದ್ದರಲ್ಲ, ಆಗ ಗುರುದತ್ ಬಂದ. ಮೈಸೂರು ಕಡೆಯವರ ಮಗ, ಇಲ್ಲೇ ಹುಟ್ಟಿದವನು, ಇವನದೇ ಹಳೇ ಶಿಷ್ಯ. "ಕೋಚ್, ಸಂಬಳ ಬೇಡ. ನಿಮ್ಮ ಜೊತೆ ಹೆಲ್ಪ್ ಮಾಡ್ತೀನಿ" ಅಂದ. ಸಿದ್ಧಲಿಂಗೇಶ ಖುಷಿಯಿಂದ ಎಲ್ಲವನ್ನೂ ಹೇಳಿಕೊಟ್ಟ. ಎರಡೇ ವರ್ಷ! ನಾರ್ತ್ ಕ್ಯಾರೊಲೈನಾದ ಕಾಲೇಜೊಂದು ಗುರುದತ್‌ನನ್ನು ಅಸಿಸ್ಟೆಂಟ್ ಕೋಚ್ ಆಗಿ ಕರೆದುಕೊಂಡಿತು.

"ಹೋಗ್ಲಿ ಬಿಡು, ಸಣ್ಣ ಕಾಲೇಜು" ಎಂದು ಸಿದ್ಧಲಿಂಗೇಶ ಮೂಗು ಮುರಿದ. ಆ ಸಣ್ಣ ಕಾಲೇಜು ಒಂದರ ಹಿಂದೊಂದು ಒಂಬತ್ತು ಪಂದ್ಯ ಗೆದ್ದುಬಿಡಬೇಕೆ! ಟಿವಿಯವರು ಮೈಕು ಹಿಡಿದರೆ ಗುರುದತ್ ನಗುನಗುತ್ತಾ ಅಂದ, "ಸೊಂಟ ನೋಡಿ, ಕಣ್ಣು ನೋಡಬೇಡಿ. ನಮ್ಮ ಗುಟ್ಟು ಇಷ್ಟೇ."

"ನಮ್ಮಪ್ಪನ ಮಾತದು! ಕಳ್ಳ!" ರಿಮೋಟು ಸೋಫಾದ ಮೇಲೆ ಬಿತ್ತು. ಅಲ್ಲಪ್ಪಾ, ಕಲಿಸಿದ ಮಾತನ್ನು ಶಿಷ್ಯ ಹೇಳದೆ ಇನ್ಯಾರು ಹೇಳಬೇಕು? ಆದರೆ ಹೊಟ್ಟೆ ಉರಿಯುವಾಗ ಇದೆಲ್ಲ ಎಲ್ಲಿ ಹೊಳೆಯುತ್ತೆ!

2024ರ ರಾಜ್ಯೋತ್ಸವಕ್ಕೆ ಕನ್ನಡ ಸಂಘದವರು ಗುರುದತ್‌ಗೆ ಸನ್ಮಾನ ಇಟ್ಟುಕೊಂಡರು. ಮೈಸೂರು ಪೇಟ ತೊಡಿಸಲು ಯಾರನ್ನು ಕರೆದರು ಹೇಳಿ? ಗುರುಗಳನ್ನೇ. ಸಿದ್ಧಲಿಂಗೇಶ ಆ ಪೇಟವನ್ನು ಹುಡುಗನ ಕಿವಿ ಮುಚ್ಚುವ ಹಾಗೆ ಒತ್ತಿ ಕೂರಿಸಿದ. ಜನ ನಕ್ಕು ಚಪ್ಪಾಳೆ ತಟ್ಟಿದರು. ಗುರುವಿನ ತಲೆಗೆ ಮಾತ್ರ ಇದುವರೆಗೆ ಯಾರೂ ಪೇಟ ಇಟ್ಟಿರಲಿಲ್ಲ.

ಡಿಸೆಂಬರಿನಲ್ಲಿ ಫೋನು ಬಂತು. ಅಟ್ಲಾಂಟಾದ ದೊಡ್ಡ ಕಾಲೇಜು. ಗುರುದತ್‌ನನ್ನು ತೆಗೆದುಕೊಳ್ಳಬೇಕೆಂದಿದ್ದೇವೆ, ಅವನೇ ನಿಮ್ಮ ಹೆಸರು ಕೊಟ್ಟ, ಹುಡುಗ ಹೇಗೆ ಎಂದು ಕೇಳಿದರು. "ಬಂಗಾರದಂಥವನು" ಅಂದಿದ್ದರೆ ಮುಗಿದಿತ್ತು. ಇವನು, "ಒಳ್ಳೆಯವನು. ಆದರೆ ಇನ್ನೂ ಎಳಸು. ಎರಡು ವರ್ಷ ಬೇಕು" ಎಂದು ಹುಳಿ ಹಿಂಡಿದ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶ್ರೀದೇವಿಯ ಕೈ ನಿಂತಿತು. "ಹಿಂಗ್ಯಾಕ ಅಂದ್ರಿ?"

"ಖರೇ ಇದ್ದದ್ದು ಹೇಳಿದೆ."

ಅಂದು ಅವನು ಎರಡು ರೊಟ್ಟಿ ಜಾಸ್ತಿಯೇ ತಿಂದ.

ಗುರುದತ್‌ಗೆ ಅಟ್ಲಾಂಟಾ ತಪ್ಪಿತು. ಜನವರಿಯಲ್ಲಿ, ಆಡಳಿತದವರ ಜೊತೆ ಏನೋ ಜಗಳವಾಗಿ, ಕ್ಯಾರೊಲೈನಾದ ಹೆಡ್ ಕೋಚನ್ನೂ ತೆಗೆದರು. ಈ ಕಸುಬಿನಲ್ಲಿ ಹೆಡ್ ಕೋಚ್ ಹೋದರೆ ಅವನ ಕೈಕೆಳಗಿನವರೂ ಗಂಟುಮೂಟೆ ಕಟ್ಟಬೇಕು. ಗುರುದತ್ ಹರ್ನ್‌ಡನ್ನಿಗೆ, ಅಪ್ಪ ಅಮ್ಮನ ಮನೆಗೆ, ವಾಪಸ್ ಬಂದ. "ಅಯ್ಯೋ ಪಾಪ" ಎಂದು ಸಿದ್ಧಲಿಂಗೇಶನ ಬಾಯಿ ಅಂದಿತು.

ಮಾರ್ಚಿನಲ್ಲಿ ಅವನ ಶಾಲೆಯ ಹೆಡ್ ಕೋಚ್ ನಿವೃತ್ತರಾದರು. ಸಿದ್ಧಲಿಂಗೇಶ ಅರ್ಜಿ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇಂಟರ್ವ್ಯೂಗೆ ಹೋಗಿಬಂದ. ವಾರದ ನಂತರ ಪ್ರಿನ್ಸಿಪಾಲರು ಕರೆಸಿ, "ನಿಮ್ಮ ಮೇಲೆ ನಮಗೆ ಬಹಳ ಗೌರವ" ಎಂದು ಶುರುಮಾಡಿದರು. "ಕಾಲೇಜಿನಲ್ಲಿ ಪಳಗಿದವರೇ ಸಿಕ್ಕಿದ್ದಾರೆ. ನಿಮಗೂ ಖುಷಿಯಾಗುತ್ತೆ, ನಿಮ್ಮ ಗುರುದತ್!"

ಒಂದೇ ಒಂದು ಒಳ್ಳೆಯ ಮಾತು ಆಡಿದ್ದರೆ ಆ ಹುಡುಗ ಅಟ್ಲಾಂಟಾದಲ್ಲಿರುತ್ತಿದ್ದ. ಕುರ್ಚಿ ಇವನದಾಗುತ್ತಿತ್ತು. ಕಾರಿನಲ್ಲಿ ಕೂತು ಸಿದ್ಧಲಿಂಗೇಶ ಹಣೆ ಹಣೆ ಚಚ್ಚಿಕೊಂಡ.

ಏಪ್ರಿಲಿನ ಒಂದು ಶನಿವಾರ ಮಧ್ಯಾಹ್ನ ಗುರುದತ್ ಮನೆಗೇ ಬಂದ. "ಕೋಚ್, ಮೂರೂವರೆಗೆ ಹುಡುಗರನ್ನ ಕರೆದಿದೀನಿ. ಡಿಫೆನ್ಸ್ ನೀವೇ ನೋಡ್ಕೋಬೇಕು. ಅಟ್ಲಾಂಟಾ ಆಗಿದ್ರೆ ನಾನು ಇಲ್ಲಿಗೆ ಬರ್ತಾ ಇರ್ಲಿಲ್ಲ. ಯಾರೋ ಒಬ್ರು ನಾನು ರೆಡಿ ಇಲ್ಲ ಅಂದ್ರಂತೆ."

ಕಾಫಿ ತಂದ ಶ್ರೀದೇವಿ ಲೋಟ ಇಟ್ಟು ಗಂಡನ ಮುಖವನ್ನೇ ನೋಡುತ್ತಾ ನಿಂತಳು. ಆ ನೋಟ ತಡೆಯಲಾಗಲಿಲ್ಲ.

"ನಾನೇ ಅಂದದ್ದು" ಅಂದ ಸಿದ್ಧಲಿಂಗೇಶ. "ಹೊಟ್ಟೆಕಿಚ್ಚಿಗೆ ಅಂದೆ."

ಗುರುದತ್‌ನ ಮುಖ ಸಪ್ಪಗಾಯಿತು. ಕಾಫಿ ಪೂರ್ತಿ ಕುಡಿದು ಎದ್ದ. "ತುಂಬಾ ಬೇಜಾರಾಯ್ತು, ಕೋಚ್. ಆದ್ರೂ ಮೂರೂವರೆಗೆ ಬನ್ನಿ. ನಿಮ್ಮ ತರ ಯಾರಿಗೂ ಹೇಳಿಕೊಡೋಕೆ ಬರಲ್ಲ."

ಬಾಗಿಲು ಹಾಕಿಕೊಂಡಿತು. ಸಿದ್ಧಲಿಂಗೇಶನ ಕಣ್ಣಲ್ಲಿ ನೀರು, ಮುಖದಲ್ಲಿ ಸಿಟ್ಟು. "ನೋಡಿದ್ಯಾ? ಒಂದು ಮಾತು ಬೈಲಿಲ್ಲ! ಇಂಥ ಮನಸ್ಸೂ ಅವನಿಗೇ ಇರಬೇಕಾ?"

"ಬೂಟ್ ಹಾಕ್ಕೋರಿ" ಅಂದಳು ಶ್ರೀದೇವಿ. "ಮೂರ ಹೊಡೀತು."