ನನ್ನ ಹೊಟ್ಟೆಯ ಒಕ್ಕಲು

ದಪ್ಪಗಿರುವವರು ಊಟಕ್ಕೆ ಕೂತರೆ ಪಂಕ್ತಿಯವರೆಲ್ಲ ಅವರ ಎಲೆಯನ್ನೇ ನೋಡುತ್ತಾರೆ. ಹಲಸೂರಿನ ಮದುವೆಮನೆಗಳಲ್ಲಿ ನಾನು ಹೋಳಿಗೆ ಬೇಡ ಎಂದರೆ, "ನಾಚ್ಕೋಬೇಡ್ರೀ, ನಿಮ್ಮನ್ನ ನೋಡಿದ್ರೆ ಗೊತ್ತಾಗಲ್ವಾ!" ಎಂದು ನಗುವ ಮಹಾನುಭಾವರಿದ್ದಾರೆ. ಅವರ ಬಾಯಿಗೆ ಹೋಳಿಗೆ ತುರುಕಬೇಕು.

ಹೊರಗಿನವರ ಮಾತು ಬಿಡಿ. ನನಗೆ ಅಳೆದು ಬಡಿಸಿದವಳು ಹೆತ್ತ ಅಮ್ಮ. ಕಡ್ಡಿಯಂತಿದ್ದ ಅಕ್ಕನಿಗೆ ಮೂರು ದೋಸೆ, ಮೇಲೆ ತುಪ್ಪ. ಪಕ್ಕದಲ್ಲೇ ಕೂತ ನನಗೆ ಒಂದು, ಬರೀ ಚಟ್ನಿಯ ಜೊತೆ. "ನಿಂಗೆ ನೀರು ಕುಡಿದ್ರೂ ಮೈಗೆ ಹತ್ತುತ್ತೆ ಕಣೇ" ಎನ್ನುತ್ತಿದ್ದಳು, ನೆಂಟರ ಎದುರಿಗೂ. ಮೊದಮೊದಲು ಅಳುತ್ತಿದ್ದೆ. ಆಮೇಲೆ ನನ್ನ ಮೇಲೆ ನನಗೇ ಅನುಮಾನ ಹುಟ್ಟಿತು, ನಿದ್ದೆಗಣ್ಣಲ್ಲಿ ಎದ್ದುಹೋಗಿ ತಿನ್ನುತ್ತಿದ್ದೇನೋ ಏನೋ ಎಂದು.

ಮೊನ್ನೆ ಇಂದಿರಾನಗರದ ಡಾಕ್ಟರಮ್ಮ ಒಬ್ಬರು, "ಎಲ್ಲಾ ಬಾಯಿಚಪಲ ಅಲ್ರೀ. ಹೊಟ್ಟೇಲಿರೋ ಬ್ಯಾಕ್ಟೀರಿಯಾನೂ ಒಂದು ಕಾರಣ ಇರ್ಬಹುದು" ಎಂದರು. ಕರುಳಿನಲ್ಲಿ ಕೋಟಿಗಟ್ಟಲೆ ಜೀವಿಗಳು ಸಂಸಾರ ಹೂಡಿವೆಯಂತೆ. ಒಂದೇ ಅನ್ನದಿಂದ ಒಬ್ಬರ ಹೊಟ್ಟೆಯ ಒಕ್ಕಲು ಹೆಚ್ಚು ಸಾರ ಹಿಂಡಿ ಮೈಗೆ ಸೇರಿಸಬಹುದು, ಇನ್ನೊಬ್ಬರದು ಕಡಿಮೆ. ಅರೆಹೊಟ್ಟೆಯಲ್ಲಿದ್ದರೆ ಅವುಗಳಲ್ಲಿ ಒಳ್ಳೆಯವೇ ಸೊರಗುತ್ತವಂತೆ. ಅವಕ್ಕೆ ಸೊಪ್ಪು, ಕಾಳು ಬೇಕಂತೆ. ಹೊಟ್ಟೆಯಲ್ಲಿ ಅಗ್ನಿ ಇದೆ ಎಂದರು ಹಿಂದಿನವರು. ಬರೀ ಅಗ್ನಿಯೇ ಇದ್ದಿದ್ದರೆ ನಾನು ಎಂದೋ ಕರಗಿರುತ್ತಿದ್ದೆ.

ಖುಷಿಯಾಗಬೇಕಿತ್ತು. ಬಂದದ್ದು ಸಿಟ್ಟು. ಹಾಗಾದರೆ ನಾನು ಇಷ್ಟು ವರ್ಷ ಹಸಿದದ್ದು ಯಾವ ಸುಖಕ್ಕೆ? "ನಿನ್ನ ತಪ್ಪಲ್ಲ ಮಗಳೇ" ಎಂಬ ಒಂದು ಮಾತನ್ನು ಅಮ್ಮನ ಬಾಯಿಂದ ಕೇಳಲೇಬೇಕು ಅನ್ನಿಸಿತು. ಮರುದಿನ ರಸೆಲ್ ಮಾರುಕಟ್ಟೆಯಲ್ಲಿ ದಂಟಿನ ಸೊಪ್ಪು ಕೊಂಡು, ಅವಳ ಮನೆಗೆ ಹೋಗಿ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ.

ಎಂಬತ್ತು ದಾಟಿದ ಅಮ್ಮ ಸೊಪ್ಪು ಸೋಸುತ್ತಾ ಪೂರ್ತಿ ಕೇಳಿಸಿಕೊಂಡಳು. ಅವಳ ಕಣ್ಣು ಒದ್ದೆಯಾಯಿತು. ಈಗ ಬಂತು ಆ ಮಾತು ಎಂದುಕೊಂಡೆ.

"ಅಯ್ಯೋ ಪಾಪ, ಮೂಕಜೀವಿಗಳು!" ಎಂದಳು. "ಇಷ್ಟು ವರ್ಷ ಅವನ್ನ ಉಪವಾಸ ಕೆಡವ್ಬಿಟ್ಯಲ್ಲೇ, ಪಾಪಿ!"

ಕೆಡವಿದ್ದು ಯಾರು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಸೊಪ್ಪು ಹಿಡಿದು ಅಡುಗೆಮನೆಗೆ ಹೋಗಿದ್ದಳು. ಮಧ್ಯಾಹ್ನ ಅನ್ನ, ಸೊಪ್ಪಿನ ಹುಳಿ ಬಡಿಸಿದಳು. ತಟ್ಟೆ ಖಾಲಿಯಾಗುತ್ತಲೇ, ಜನ್ಮದಲ್ಲೇ ಮೊದಲ ಬಾರಿಗೆ, ನಾನು ಕೇಳದೆಯೇ ಇನ್ನೊಂದು ಸಲ ಬಡಿಸಿದಳು.

"ತಿನ್ನು, ಅವಕ್ಕೆ ಹಸಿವಾಗಿರುತ್ತೆ."

ನನಗೋಸ್ಕರ ಅಲ್ಲ ಎಂದು ಗೊತ್ತಿತ್ತು. ಒಂದಗುಳೂ ಬಿಡದೆ ತಿಂದೆ.