ಬಿರುಕಿನ ಮೇಲೊಂದು ಗಾಜಿನ ಪಟ್ಟಿ

ಹಳೆಯ ಕಟ್ಟಡಗಳ ಚರಿತ್ರೆಯನ್ನು ಅನುಮಾನದಿಂದಲೇ ಓದಬೇಕೆಂದು ನಮಗೆ ಕಲಿಸಿದ ಪೂಜ್ಯ ಗುರುಗಳು ಅಧ್ಯಾಪನದಿಂದ ನಿವೃತ್ತರಾಗುತ್ತಿದ್ದಾರೆ. ಅಡಿಗಲ್ಲಿನ ಮೇಲೆ ಕೆತ್ತಿದ್ದನ್ನೂ ನಂಬದ ಈ ಮಹನೀಯರು, ಶಿಷ್ಯೆಯೊಬ್ಬಳ ಹೊಗಳಿಕೆಯನ್ನು ನಂಬಿಯಾರೇ ಎಂಬ ಅನುಮಾನ ನನಗಿದೆ.

ನಮ್ಮ ಬಡಾವಣೆಯ ಮೆಥಡಿಸ್ಟ್ ಚರ್ಚಿನ ಮುಂಬಾಗಿಲ ಚೂಪು ಕಮಾನುಗಳ ಬಗ್ಗೆ ನಾವೆಲ್ಲ ಬೀಗುತ್ತಿದ್ದೆವು. ಗುರುಗಳು ಒಳಗಿನ ಸಾದಾ ಕಿಟಕಿಗಳನ್ನು ತೋರಿಸಿ, ಇದು ಮೊದಲು ಶಾಲೆಯ ಕೋಣೆಯಾಗಿತ್ತು, ಈ ಠೀವಿಯೆಲ್ಲ ಆಮೇಲೆ ಅಂಟಿಸಿದ್ದು ಎಂದು ಸಾಬೀತುಪಡಿಸಿದರು. ಚರ್ಚಿನ ಸಭೆಯವರ ಮುಖ ಹುಳ್ಳಗಾಯಿತು.

ಮುಂದೆ ಬಾಲ್ಕನಿಯ ಕೆಳಗಿನ ಗೋಡೆ ಬಿರುಕು ಬಿಟ್ಟಿತು. ಸಭೆಯ ಹಿರಿಯರಾದ ನನ್ನಪ್ಪ, ಇಡೀ ಚರ್ಚನ್ನೇ ಕೆಡವಿ ಹೊಸದು ಕಟ್ಟೋಣವೆಂದು ಪಟ್ಟು ಹಿಡಿದರು. ಅಮ್ಮನ ಶವಪೆಟ್ಟಿಗೆಯನ್ನು ಕೊನೆಯ ಪ್ರಾರ್ಥನೆಗೆ ಇರಿಸಿದ್ದ ಜಾಗವನ್ನು ಕೆಡವುತ್ತಾರೆಂದರೆ ನಾನು ಸುಮ್ಮನಿರಲಾದೀತೇ? ಗುರುಗಳನ್ನು ಕರೆತಂದೆ. ಅವರು ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಗಾರೆಯಲ್ಲಿ ಕೂರಿಸಿ, ಒಂದು ಮಳೆಗಾಲ ಕಳೆಯಲಿ, ಗೋಡೆ ಸರಿದರೆ ಗಾಜು ಒಡೆಯುತ್ತದೆ, ಆಗ ಧಾರಾಳವಾಗಿ ಕೆಡವಿ ಎಂದರು. ಇದೆಲ್ಲ ಕಾಲ ತಳ್ಳುವ ನೆಪವೆಂದು ಅಪ್ಪ ಮನೆಯಲ್ಲಿ ಗೊಣಗಿದರು.

ಒಂದು ಭಾನುವಾರ ಆರಾಧನೆಗೆ ಹೋದಾಗ ಗಾಜು ಒಡೆದಿತ್ತು. ಅಪ್ಪನ ಮುಖದಲ್ಲಿ ಕಂಡ ನಿರಾಳ ನನಗೆ ಹಿಡಿಸಲಿಲ್ಲ. ಗುರುಗಳು ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. ಎರಡು ತುಂಡುಗಳ ಅಂಚುಗಳು ಇನ್ನೂ ತಾಗಿಕೊಂಡೇ ಇದ್ದವು. ನಡುವೆ ಏಟು ಬಿದ್ದ ಗುರುತಿತ್ತು.

"ಬಿರುಕು ಕೂದಲೆಳೆಯಷ್ಟೂ ಅಗಲ ಆಗಿಲ್ಲ. ಇದನ್ನ ಗೋಡೆ ಒಡೆದಿಲ್ಲ" ಎಂದರು.

ಅವರು ಯಾರ ಹೆಸರನ್ನೂ ಎತ್ತಲಿಲ್ಲ. ಆದರೂ ಅಪ್ಪ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡರು. ಆ ವಾರವಿಡೀ ತಾವು ಚರ್ಚಿನ ಕಡೆ ಸುಳಿದೇ ಇಲ್ಲವೆಂದು ಕೇಳದವರಿಗೂ ಹೇಳತೊಡಗಿದರು. ನಾನು ನಾಚಿಕೆಯಿಂದ ಹಿಡಿಯಾದೆ.

ಗುರುಗಳು ವಿಚಾರಣೆಗೆ ಇಳಿಯಲಿಲ್ಲ. ಹೊಸ ಗಾಜು ಕೂರಿಸಿ, ಎಲ್ಲರೆದುರು ಅಪ್ಪನತ್ತ ತಿರುಗಿ, "ಹಿರಿಯರೇ, ಇದನ್ನ ನೀವೇ ಕಾಯ್ಬೇಕು. ನಿಮ್ಮನ್ನ ನಂಬಿದ್ದೀನಿ" ಎಂದರು. ಅಂದಿನಿಂದ ಅಪ್ಪ ಬೆಳಗಾದರೆ ಆ ಗೋಡೆಯ ಮುಂದೆ ಹಾಜರು. ಮಳೆಗಾಲ ಕಳೆಯಿತು. ಗಾಜು ಉಳಿಯಿತು, ಚರ್ಚೂ ಉಳಿಯಿತು.

ಈ ಲೇಖನಕ್ಕೆ ಕೂರುವ ಮುನ್ನ ಗುರುಗಳ ಮನೆಗೆ ಹೋಗಿ, ಅಂದು ಒಡೆದದ್ದು ಅಪ್ಪನೇ ಅಲ್ಲವೇ ಎಂದು ಕೇಳಿಯೇಬಿಟ್ಟೆ.

"ಇರಬಹುದಮ್ಮ. ಅದಕ್ಕೇ ಅವರ ಕೈಗೆ ಕೊಟ್ಟಿದ್ದು. ಬೇರೆಯವರಿಗೆ ಕೊಟ್ಟಿದ್ರೆ ಇನ್ನೊಂದ್ಸಲ ಒಡೀತಿತ್ತು."

ಇಂಥ ಅನುಮಾನದ ಕಣ್ಣು ನೂರ್ಕಾಲ ಮಂಜಾಗದಿರಲಿ. ಇನ್ನೂ ಹತ್ತಾರು ಹಳೆಯ ಗೋಡೆಗಳು ಗುರುಗಳ ದಾರಿ ಕಾಯುತ್ತಿವೆ. ನಮ್ಮ ಚರ್ಚಿನಲ್ಲೇ ನಡೆಯುವ ಅಭಿನಂದನ ಸಮಾರಂಭದಲ್ಲಿ ಸ್ವಾಗತ ಕೋರುವವರು ನನ್ನಪ್ಪ. ಅವರ ಮಾತು ನಡುವೆ ತಡವರಿಸಿದರೆ, ಪಾಪ ವಯಸ್ಸಾಯಿತೆಂದೇ ಸಭಿಕರು ತಿಳಿದುಕೊಳ್ಳಲಿ.