ಶ್ರೀ ಪಾರ್ಟ್ನರ್, ಕಲ್ಯಾಣ

ನಮ್ಮ ಡೊಂಬಿವಲಿಯ ಮನೆಯಲ್ಲಿ ಈಗ ಎಲ್ಲಿ ಕೂತರೂ ಅರಿಶಿನದ ವಾಸನೆ. ಮಗಳ ಮದುವೆಯ ಕಾಗದಗಳು ಪ್ರೆಸ್ಸಿನಿಂದ ಬಂದು ಸೋಫಾದ ಮೇಲೆ ಕಟ್ಟುಕಟ್ಟಾಗಿ ಕೂತಿವೆ. ನಾವು ಕೂರುವುದು ನೆಲದ ಮೇಲೆ. ಕಾಗದದ ಮೂಲೆಗೆ ಅರಿಶಿನ ಹಚ್ಚುವುದು ಹೆಂಡತಿಯ ಕೆಲಸ, ಲಕೋಟೆಯ ಮೇಲೆ ಹೆಸರು ಬರೆಯುವುದು ನನ್ನದು. ನನ್ನ ಅಕ್ಷರ ಚೆನ್ನಾಗಿದೆ ಎಂದು ಈ ಕೆಲಸ ನನಗೆ ಬಂತೆಂದು ತಿಳಿದಿದ್ದೆ. ಬೇರೆ ಯಾವ ಕೆಲಸ ಕೊಟ್ಟರೂ ಕೆಡಿಸುತ್ತೇನೆ ಎಂಬ ಕಾರಣಕ್ಕೆ ಕೊಟ್ಟದ್ದೆಂದು ಮಗಳು ಆಮೇಲೆ ಹೇಳಿದಳು.

ಕುಂದಾಪುರದ ದೊಡ್ಡಪ್ಪನ ಮಕ್ಕಳಿಗೆ, ಠಾಣೆಯ ಭಾವನಿಗೆ, ವಾಶಿಯ ಅತ್ತಿಗೆಗೆ ಎಂದು ಬರೆಯುತ್ತಾ ಬಂದೆ. ನೆಂಟರು ಮುಗಿದ ಮೇಲೆ ಒಂದು ಒಳ್ಳೆಯ ಲಕೋಟೆ ಆರಿಸಿಕೊಂಡೆ. ಇದು ಪಾರ್ಟ್ನರಿಗೆ ಎಂದುಕೊಂಡು ಮರಾಠಿ ಅಕ್ಷರದಲ್ಲಿ ದೊಡ್ಡದಾಗಿ ‘ಶ್ರೀ’ ಬರೆದೆ. ಪೆನ್ನು ಅಲ್ಲೇ ನಿಂತಿತು.

ಹೆಂಡತಿ ಅರಿಶಿನದ ಬಟ್ಟಲು ಕೆಳಗಿಟ್ಟಳು. "ಎಂತ ಮಾರ್ರೆ, ಶ್ರೀ ಬರ್ದು ಹಾಗೇ ಕೂತ್ರಿ?"

ಪಾರ್ಟ್ನರ್ ಹೆಸರು ಏನೆಂದು ಯೋಚಿಸುತ್ತಿದ್ದೇನೆ ಎಂದೆ. ನೆನಪಾಗುವುದಿಲ್ಲವೇ ಎಂದು ಕೇಳಿದಳು. ಮರೆತದ್ದಾಗಿದ್ದರೆ ಎಷ್ಟೋ ಮೇಲಿತ್ತು, ವಯಸ್ಸಿನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ನನಗೆ ಆ ಹೆಸರು ಯಾವತ್ತೂ ಗೊತ್ತೇ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ದಿನಾ ಬೆಳಗ್ಗೆ ಮುಖ ನೋಡಿದ ಮನುಷ್ಯ!

ನೀವು ನಗಬಹುದು. ಆದರೆ ನೀವು ಕಲ್ಯಾಣದಿಂದ ಹೊರಡುವ ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ಹೋದವರಾದರೆ ನಗುವುದಿಲ್ಲ. ಆ ಗಾಡಿಯಲ್ಲಿ ಯಾರಿಗೂ ಹೆಸರಿಲ್ಲ. ನಮ್ಮ ನಾಲ್ವರಲ್ಲಿ ಒಬ್ಬರು ಶೇಟ್, ಒಬ್ಬರು ಮಾಮಾ, ಇನ್ನಿಬ್ಬರು ಪಾರ್ಟ್ನರ್. ಶೇಟ್ ಎಂದರೆ ದೊಡ್ಡ ವ್ಯಾಪಾರಿಯೇನಲ್ಲ, ಯಾವುದೋ ಆಫೀಸಿನ ಟೈಪಿಸ್ಟು. ಹೊಟ್ಟೆ ಇತ್ತು, ಅಷ್ಟೇ. ಶೇಟ್ ಮತ್ತು ನನ್ನ ಪಾರ್ಟ್ನರ್ ಕಲ್ಯಾಣದವರು, ಗಾಡಿ ಅಲ್ಲೇ ಹೊರಡುವುದರಿಂದ ಅವರಿಗೆ ಸೀಟು ಸಿಗುತ್ತಿತ್ತು. ಮಾಮಾ ಮತ್ತು ನಾನು ಡೊಂಬಿವಲಿಯವರು. ಡೊಂಬಿವಲಿಯಲ್ಲಿ ಹತ್ತುವವನಿಗೆ ಕಾಲಿಡಲು ಜಾಗ ಸಿಕ್ಕಿದರೆ ಅದೇ ಪುಣ್ಯ. ಹೀಗೆ ಇಬ್ಬರು ಕೂತು, ಇಬ್ಬರು ನಿಂತು, ನಡುವೆ ಮೊಣಕಾಲಿನ ಮೇಲೆ ಒಂದು ಸೂಟ್‌ಕೇಸ್ ಮಲಗಿಸಿ, ಅದರ ಮೇಲೆ ಇಸ್ಪೀಟು. ಆಟ ಮೆಂಡಿಕೋಟ್. ಇಬ್ಬಿಬ್ಬರ ಜೋಡಿ, ಹತ್ತರ ಎಲೆಗಳನ್ನು ಗೆದ್ದ ಜೋಡಿಗೆ ಆಟ. ನಾನು ಈ ಗಾಡಿಗೆ ಬರತೊಡಗಿದ ಹೊಸತರಲ್ಲಿ ಒಂದು ಬೆಳಗ್ಗೆ ಇವರಿಗೆ ನಾಲ್ಕನೆಯ ಕೈ ಇರಲಿಲ್ಲ. ಕನ್ನಡಕದ ಒಬ್ಬರು ತಲೆಯೆತ್ತಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾರ್ಟ್ನರ್ ಬನೋಗೇ?" ಎಂದು ಕೇಳಿದರು. ಆದೆ. ಅಂದಿನಿಂದ ಅವರು ನನಗೆ ಪಾರ್ಟ್ನರ್, ನಾನು ಅವರಿಗೆ ಪಾರ್ಟ್ನರ್.

ಠಾಣೆ ಬಂದಾಗ ಕೂತವರು ಏಳಬೇಕು, ನಿಂತವರು ಕೂರಬೇಕು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಮುರಿದವರನ್ನು ನಾನು ಕಂಡಿಲ್ಲ. ಪಾರ್ಟ್ನರ್ ಠಾಣೆಗೆ ಒಂದು ಸ್ಟೇಷನ್ ಮೊದಲಿನ ಕಳವಾ ದಾಟುವಾಗಲೇ ಎಲೆಗಳನ್ನು ಜೋಡಿಸಿಕೊಂಡು, ಕನ್ನಡಕ ಸರಿಮಾಡಿಕೊಂಡು, "ಚಲೋ ಪಾರ್ಟ್ನರ್" ಎಂದು ಎದ್ದುಬಿಡುತ್ತಿದ್ದರು. ಜ್ವರವಿದ್ದ ದಿನವೂ ಎದ್ದರು. ಅವರ ಜಾಗದಲ್ಲಿ ನಾನು ಕೂರುವಾಗ ಸೀಟು ಬೆಚ್ಚಗಿರುತ್ತಿತ್ತು. ಆ ಬಿಸಿ ನೆನಪಿಗೆ ಬರುವುದು ಈಗ, ಆಗ ಮಾತ್ರ ಪಕ್ಕದವರಿಗೆ ಇನ್ನೂ ಸ್ವಲ್ಪ ಆಚೆ ಸರಿಯಿರಿ ಎನ್ನುತ್ತಿದ್ದೆ.

ಹೆಸರು ಕೇಳಬಹುದಿತ್ತಲ್ಲ ಎಂದರೆ, ಮೊದಲ ವಾರದಲ್ಲಿ ಕೇಳಬಹುದಿತ್ತು. ಆಗ ಬೇಕೆನಿಸಲಿಲ್ಲ. ಬೇಕೆನಿಸುವ ಹೊತ್ತಿಗೆ ಐದಾರು ವರ್ಷವಾಗಿ, ಕೇಳುವುದಕ್ಕೆ ನಾಚಿಕೆ. ಅವರ ಸಕ್ಕರೆ ಎಷ್ಟಿದೆ, ಹೆಂಡತಿಯ ಮಂಡಿನೋವು ಯಾವ ಕಾಲಿನದು, ಮಗ ಯಾವ ವಿಷಯದಲ್ಲಿ ಫೇಲಾದ ಎಲ್ಲ ಗೊತ್ತಿರುವ ಮನುಷ್ಯನನ್ನು ಹಿಡಿದು ನಿಮ್ಮ ಹೆಸರೇನು ಎಂದು ಕೇಳುವುದು ಹೇಗೆ? ಕನ್ನಡಕವನ್ನು ಎರಡು ಸಲ ಒರೆಸಿದರೆ ಅವರ ಕೈಯಲ್ಲಿ ಹತ್ತರ ಎಲೆ ಇದೆ ಎಂದರ್ಥ, ಅದೂ ಗೊತ್ತಿತ್ತು. ಶೇಟ್ ಮತ್ತು ಮಾಮಾ ಕೊನೆಯವರೆಗೂ ಅದನ್ನು ಪತ್ತೆ ಮಾಡಲಿಲ್ಲ.

ಮೂರು ವರ್ಷದ ಹಿಂದೆ ನಾನು ನಿವೃತ್ತನಾದೆ. ಕೊನೆಯ ದಿನ ಅವರು ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು ಒಂದೇ: "ಪಾರ್ಟ್ನರ್, ಬೇಟೀ ಕೀ ಶಾದೀ ಮೇ ಭೂಲ್ನಾ ಮತ್." ಮಗಳ ಮದುವೆಗೆ ಮರೆಯಬೇಡ. ಅವರಿಗೆ ಹೆಣ್ಣುಮಕ್ಕಳಿಲ್ಲ. ನನ್ನ ಮಗಳನ್ನು ಅವರು ನೋಡಿದ್ದೂ ಇಲ್ಲ. ಆದರೆ ಅವಳು ಹತ್ತನೇ ತರಗತಿ ಪಾಸಾದಾಗ ಇಡೀ ಬೋಗಿಗೆ ಪೇಡಾ ಹಂಚಿದವರು ಅವರು. ಮರೆಯುವುದುಂಟೇ ಎಂದಿದ್ದೆ ನಾನು, ಬಹಳ ಧೈರ್ಯದಿಂದ.

ಮೊಬೈಲಿನಲ್ಲಿ ನಂಬರಿತ್ತು, ‘ಪಾರ್ಟ್ನರ್ ಟ್ರೇನ್’ ಎಂದು. ಹಚ್ಚಿದರೆ ಆ ನಂಬರ್ ಅಸ್ತಿತ್ವದಲ್ಲೇ ಇಲ್ಲವೆಂದು ಒಬ್ಬ ಹೆಂಗಸು ಮೂರು ಭಾಷೆಯಲ್ಲಿ ಹೇಳಿದಳು. ಶೇಟ್ ನಾಸಿಕದ ಕಡೆ ಮಗನ ಮನೆಗೆ ಹೋದರೆಂದು ಸುದ್ದಿ. ಮಾಮಾ ತೀರಿಕೊಂಡಿದ್ದಾರೆ. ಅಷ್ಟರಲ್ಲಿ ಹೆಂಡತಿಗೆ ಒಂದು ಸ್ಟೀಲ್ ಡಬ್ಬಿ ನೆನಪಾಯಿತು. ದಸರಾ ಹೊತ್ತಿಗೆ ನಾವೆಲ್ಲ ಬೋಗಿಗೆ ಹೂವಿನ ಮಾಲೆ ಹಾಕಿ ಪೂಜೆ ಮಾಡುವುದಿತ್ತು. ಒಂದು ವರ್ಷ ಪಾರ್ಟ್ನರ್ ಮನೆಯಿಂದ ಪೂರಣಪೋಳಿ ತುಂಬಿ ಬಂದ ಡಬ್ಬಿ ನಮ್ಮಲ್ಲೇ ಉಳಿದಿತ್ತು. ಪಾತ್ರೆಯ ಮೇಲೆ ಹೆಸರು ಕೆತ್ತಿಸುವ ಪದ್ಧತಿ ಇದೆಯಲ್ಲ! ಅಟ್ಟದಿಂದ ಇಳಿಸಿ, ತಿಕ್ಕಿ, ತಿರುಗಿಸಿ ನೋಡಿದೆವು. ಹೌದು, ಕೆತ್ತಿತ್ತು. ‘ಮಾಮಾಕಡೂನ್’ ಎಂದು, ಅಂದರೆ ಸೋದರಮಾವನಿಂದ. ಯಾರ ಸೋದರಮಾವ, ಯಾರಿಗೆ ಕೊಟ್ಟದ್ದು, ಡಬ್ಬಿ ಹೇಳಲಿಲ್ಲ.

ಇಷ್ಟು ಹೊತ್ತೂ ಮೊಬೈಲ್ ನೋಡುತ್ತಿದ್ದ ಮಗಳು ಆಗ ತಲೆಯೆತ್ತಿದಳು. ಇವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲೋ ಮರಾಠಿಯಲ್ಲೋ. "ಪಪ್ಪಾ, ಸೀರಿಯಸ್ಲೀ? ಬೆಸ್ಟ್ ಫ್ರೆಂಡ್ ಕಾ ನಾಮ್ ನಹೀ ಪತಾ?"

ಅವಳಿಗೆ ಕೇಳುವ ಹಕ್ಕಿತ್ತು, ಏಕೆಂದರೆ ಅವಳ ‘ಬ್ರೋ’ವನ್ನು ನಾನು ವರ್ಷಗಟ್ಟಲೆ ಆಡಿಕೊಂಡಿದ್ದೇನೆ. ಅವಳಿಗೆ ಎಲ್ಲರೂ ಬ್ರೋ. ಜೊತೆಗೆ ಓದಿದ ಹುಡುಗ ಬ್ರೋ, ಹುಡುಗಿಯೂ ಬ್ರೋ, ನಾನೂ ಬ್ರೋ, ಕೋಪ ಬಂದರೆ ಅವಳಮ್ಮನೂ ಬ್ರೋ. ಎಲ್ಲರನ್ನೂ ಒಂದೇ ಶಬ್ದದಲ್ಲಿ ಕರೆದರೆ ಯಾರನ್ನೂ ಕರೆದಂತಾಗುವುದಿಲ್ಲ ಎಂದು ನಾನು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಭಾಷಣ ಮಾಡಿದ್ದೆ. ನನ್ನ ಅಪ್ಪನನ್ನು ಉದಾಹರಣೆಗೆ ಎಳೆದು ತರುತ್ತಿದ್ದೆ.

ಅಪ್ಪ ಕಲ್ಯಾಣ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಬಂದು ಗಲ್ಲೆಯವರೆಗೆ ಏರಿದವರು. ಅವರ ಶಬ್ದ ‘ದೋಸ್ತಿ’. ನಮ್ಮ ಕಡೆ ಸ್ನೇಹಿತನಿಗೇ ದೋಸ್ತಿ ಎನ್ನುತ್ತಾರೆ. ಅಪ್ಪ ಆ ಶಬ್ದವನ್ನು ಅಪರೂಪಕ್ಕೆ ಹೊರತೆಗೆಯುತ್ತಿದ್ದರು. ಜೊತೆಗೆ ಕೆಲಸ ಮಾಡಿದವರು ಎಷ್ಟೋ ಮಂದಿ, "ಅವ ನನ್ನ ದೋಸ್ತಿ" ಎನಿಸಿಕೊಂಡವರು ಮೂವರೋ ನಾಲ್ವರೋ. ಹೋಟೆಲಿನ ಮಾಳಿಗೆಯಲ್ಲಿ ಒಟ್ಟಿಗೆ ಚಾಪೆ ಹಾಕಿದವರು. ಅವರಲ್ಲಿ ಒಬ್ಬರು ಮನೆಗೆ ಬಂದರೆ ಅಮ್ಮ ನೀರುದೋಸೆಗೆ ನೆನೆಹಾಕುತ್ತಿದ್ದರು. ಅಪ್ಪ ಅವರ ಊರು, ಮನೆತನ, ತಂಗಿಯನ್ನು ಎಲ್ಲಿಗೆ ಕೊಟ್ಟಿದೆ ಎಂಬುದನ್ನೆಲ್ಲ ಹೇಳಬಲ್ಲವರಾಗಿದ್ದರು. ನಾನು ಕಾಲೇಜಿಗೆ ಹೋಗುವಾಗ ‘ಯಾರ್’, ‘ಬಾಸ್’ ಎಂದು ಮಾತಾಡಿದರೆ ಅಪ್ಪನಿಗೆ ಸರಿಬರುತ್ತಿರಲಿಲ್ಲ. "ಅವ ನಿನ್ನ ಬಾಸ್ ಆದ್ರೆ ಸಂಬಳ ಕೊಡ್ತಾನಾ?" ಎಂದು ಕೇಳಿದ್ದರು. ಅಣ್ಣನ ಮಗನ ಕಾಲಕ್ಕೆ ಮರಾಠಿ ಹುಡುಗರ ‘ಭಾವಾ’ ಬಂತು, ಅವರಲ್ಲಿ ಹಾಗೆಂದರೆ ಅಣ್ಣ, ತಮ್ಮ. ಅವನು ಬಾಲ್ಕನಿಯಿಂದ ದಾರಿಯಲ್ಲಿ ಹೋಗುವವರನ್ನೆಲ್ಲ ಹಾಗೆ ಕರೆಯುವುದನ್ನು ಕೇಳಿ, ಊರಿಂದ ಬಂದ ಅಜ್ಜಿ ಇಷ್ಟು ಜನ ಭಾವಂದಿರು ಎಲ್ಲಿಂದ ಬಂದರೆಂದು ಗಾಬರಿಯಾದರು. ಈಗ ಬ್ರೋ. ಇಳಿಯುತ್ತಾ ಬಂದಿದೆ ಎಂಬುದು ನನ್ನ ವಾದವಾಗಿತ್ತು.

ಆದರೆ ಆ ದಿನ ಮಗಳು ತನ್ನ ಬ್ರೋಗಳ ಹೆಸರನ್ನು ಹೇಳತೊಡಗಿದಳು. ಒಬ್ಬ ಖಾರ್‌ಘರಿನವನು, ಶೇಂಗಾ ತಿಂದರೆ ಮೈಯೆಲ್ಲ ಊದುತ್ತದೆ. ಒಬ್ಬಳ ಅಪ್ಪನಿಗೆ ಕಳಂಬೋಲಿಯ ಕಬ್ಬಿಣ ಮಾರ್ಕೆಟ್ಟಿನಲ್ಲಿ ಗೋದಾಮು, ಅಮ್ಮನಿಗೆ ಮೈ ಸರಿಯಿಲ್ಲ. ಪ್ರತಿಯೊಬ್ಬರ ಹುಟ್ಟುಹಬ್ಬ, ರಕ್ತದ ಗುಂಪು, ಈ ಹೊತ್ತಿನಲ್ಲಿ ಯಾರು ಎಲ್ಲಿದ್ದಾರೆ ಎನ್ನುವುದು ಕೂಡ. ಅಪ್ಪನ ದೋಸ್ತಿಗಳ ಲೆಕ್ಕಕ್ಕೆ ಇವಳ ಬ್ರೋಗಳು ಸರಿಯಾಗಿ ಕೂರುತ್ತಿದ್ದರು. ನಡುವೆ ಕೂರದೆ ಉಳಿದವನು ನಾನೊಬ್ಬ. ನನ್ನದು ಸ್ನೇಹವೇ, ಬರೀ ಸೀಟಿನ ಒಪ್ಪಂದವೇ?

ಮರುದಿನ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಹಳೆಯ ಗಾಡಿಗೆ ಹೊರಟೆ. ಈ ವಯಸ್ಸಿನಲ್ಲಿ ಆ ಗರ್ದಿಗೆ ಹೋಗುವುದೇ ಎಂದು ಹೆಂಡತಿ ಬಾಗಿಲವರೆಗೂ ಹೇಳಿದಳು. ಡೊಂಬಿವಲಿಯಲ್ಲಿ ನಾನು ಹತ್ತಲಿಲ್ಲ, ಜನ ಹತ್ತಿಸಿದರು. ನಮ್ಮ ಕಿಟಕಿಯ ಹತ್ತಿರ ಈಗ ಯುವಕರು, ಸೂಟ್‌ಕೇಸೂ ಇಲ್ಲ, ಇಸ್ಪೀಟೂ ಇಲ್ಲ, ಎಲ್ಲರ ಕಿವಿಯಲ್ಲೂ ಏನೋ ಸಿಕ್ಕಿಸಿದೆ. ಪಾರ್ಟ್ನರ್ ಇರಲಿಲ್ಲ. ಕಲ್ಯಾಣದಿಂದ ಒಬ್ಬರು ಬರುತ್ತಿದ್ದರಲ್ಲ, ಕನ್ನಡಕ, ಎತ್ತರ, ಬೆಳಗ್ಗೆ ಸ್ವಲ್ಪ ಕೆಮ್ಮು ಎಂದೆಲ್ಲ ವರ್ಣಿಸಿದೆ. ಹೆಸರು ಕೇಳಿದರು. ಗೊತ್ತಿಲ್ಲವೆಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಿಟಕಿಯ ಪಕ್ಕದವನು ಕಿವಿಯದ್ದನ್ನು ತೆಗೆದ. "ಠಾಣಾ ಅಂಕಲ್?" ಎಂದ.

ಅವನು ಹೇಳಿದ್ದು ಇಷ್ಟು. ಹಾಗೊಬ್ಬರು ಅಂಕಲ್ ಇದೇ ಸೀಟಿನಲ್ಲಿ ಕೂರುತ್ತಿದ್ದರು. ಠಾಣೆ ಬರುವ ಮೊದಲೇ ಎದ್ದು ನಿಲ್ಲುತ್ತಿದ್ದರು. ಯಾರೂ ಕೇಳಿದ್ದಲ್ಲ, ಅವರ ಗುಂಪಿನವರು ಆಗ ಯಾರೂ ಉಳಿದಿರಲಿಲ್ಲ. ಕೂತಿರಿ ಅಂಕಲ್ ಎಂದರೆ, ಇಲ್ಲಿಂದ ಮುಂದೆ ಈ ಸೀಟು ನನ್ನ ಪಾರ್ಟ್ನರದ್ದು ಎನ್ನುತ್ತಿದ್ದರು. ಹತ್ತಿರ ಯಾರು ನಿಂತಿದ್ದರೋ ಅವರನ್ನು ಕೂರಿಸುತ್ತಿದ್ದರು. ಅವರ ಹೆಸರು ಇವರಿಗೂ ಗೊತ್ತಿಲ್ಲ, ಇವರು ಇಟ್ಟ ಹೆಸರು ಠಾಣಾ ಅಂಕಲ್. ಒಂದು ವರ್ಷದಿಂದ ಗಾಡಿಗೆ ಬರುತ್ತಿಲ್ಲ. ಕಲ್ಯಾಣ ಸ್ಟೇಷನ್ನಿನ ಹೊರಗೆ ತರಕಾರಿ ಕೊಳ್ಳುವಾಗ ಆಗೀಗ ಕಣ್ಣಿಗೆ ಬೀಳುತ್ತಾರೆ.

ನನಗೆ ಅಳು ಬಂತು ಎಂದರೆ ಹೆಚ್ಚು ಕಡಿಮೆ ಸರಿ. ಜನ ಅಷ್ಟು ಒತ್ತಿಕೊಂಡಿರುವಲ್ಲಿ ಕಣ್ಣೊರೆಸಲು ಕೈಯೆತ್ತುವುದೂ ಸಾಧ್ಯವಿಲ್ಲ, ಆದ್ದರಿಂದ ಯಾರಿಗೂ ತಿಳಿಯಲಿಲ್ಲ. ಆ ಹುಡುಗ, ಹುಡುಗನೇನು, ಕೆಲಸದಲ್ಲಿರುವ ಗಂಡಸು, ಎದ್ದು ನನ್ನನ್ನು ಕೂರಿಸಿದ. ಕಾಗದ ನನಗೆ ಕೊಡಿ, ಕಂಡರೆ ಮುಟ್ಟಿಸುತ್ತೇನೆ ಎಂದ.

ಲಕೋಟೆ ತೆಗೆದು, ‘ಶ್ರೀ’ಯ ಮುಂದೆ ‘ಪಾರ್ಟ್ನರ್, ಕಲ್ಯಾಣ’ ಎಂದು ಬರೆದೆ. ಕೊಡುವ ಮುಂಚೆ ಕಾಗದವನ್ನೊಮ್ಮೆ ಬಿಡಿಸಿ ನೋಡಿದೆ. ವಧುವಿನ ಹೆಸರು, ವರನ ಹೆಸರು, ಕೆಳಗೆ ಚಿನ್ನದ ಬಣ್ಣದಲ್ಲಿ ನನ್ನ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. ಆಗ ಹೊಳೆಯಿತು. ಈ ಹೆಸರಿನವನು ಯಾರೆಂದು ಪಾರ್ಟ್ನರಿಗೆ ಹೇಗೆ ಗೊತ್ತಾಗಬೇಕು? ಯಾರೋ ಒಬ್ಬನ ಮಗಳ ಮದುವೆ ಎಂದು ಅವರು ಕಾಗದ ಮಡಚಿ ಇಟ್ಟುಬಿಡುತ್ತಾರೆ. ಅವರೂ ನನ್ನ ಹೆಸರು ಕೇಳಿರಲಿಲ್ಲ. ಬಹುಶಃ ಅವರಿಗೂ ಐದನೇ ವರ್ಷಕ್ಕೆ ನಾಚಿಕೆಯಾಗಿರಬೇಕು.

ಚಿನ್ನದ ಅಕ್ಷರದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಪೆನ್ನಿನಿಂದ ‘ಪಾರ್ಟ್ನರ್’ ಎಂದು ಬರೆದೆ. ಅಷ್ಟರಲ್ಲಿ ಗಾಡಿ ಕಳವಾ ದಾಟಿತು. ನಾನು ಎದ್ದೆ. ಕೂತಿರಿ ಕಾಕಾ ಎಂದು ಆತ ಎಷ್ಟು ಹೇಳಿದರೂ ಕೂರಲಿಲ್ಲ.

ಮದುವೆ ಬರುವ ಭಾನುವಾರ. ಕಾಗದ ಮುಟ್ಟಿತೋ ಇಲ್ಲವೋ ಸುದ್ದಿಯಿಲ್ಲ. ಬಂದರೆ ಬೀಗರಿಗೆ ಏನೆಂದು ಪರಿಚಯ ಮಾಡಿಕೊಡುತ್ತೀರಿ ಎಂದು ಹೆಂಡತಿ ಕೇಳುತ್ತಾಳೆ. ಗೆಳೆಯ ಎಂದರೆ ಪುಸ್ತಕದ ಮಾತಾಯಿತು, ದೋಸ್ತಿ ಎನ್ನಲು ಅಪ್ಪನ ಅಪ್ಪಣೆ ಬೇಕೆನಿಸುತ್ತದೆ, ಪಾರ್ಟ್ನರ್ ಎಂದರೆ ಯಾವ ವ್ಯಾಪಾರ ಎಂದು ಬೀಗರು ಕೇಳಿಯಾರು. ನಿನ್ನೆ ಮಗಳ ಬ್ರೋಗಳು ಬಂದಿದ್ದರು. ಮದುವೆಯ ದಿನ ಹಾಲ್‌ನ ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಕರೆಯುವವರು ಅವರೇ. ಖಾರ್‌ಘರಿನವನನ್ನು ಪಕ್ಕಕ್ಕೆ ಕರೆದು, ಎತ್ತರದ, ಕನ್ನಡಕದ ಒಬ್ಬರು ಬರಬಹುದು, ನೋಡಿಕೋ ಎಂದೆ. ಅವನು ಫೋನ್ ತೆಗೆದು, ಅವರ ಹೆಸರೇನು ಅಂಕಲ್ ಎಂದು ಕೇಳಿದ.

"ಪಾರ್ಟ್ನರ್."

"ಮತ್ತೆ ಯಾರನ್ನು ಕೇಳಿಕೊಂಡು ಬರ್ತಾರೆ?"

"ಪಾರ್ಟ್ನರನ್ನು."

ಅವನು ನಗುತ್ತಾನೆಂದು ಕಾದೆ. ನಗಲಿಲ್ಲ. ಹಾಗೇ ಬರೆದುಕೊಂಡು, ಬಾಗಿಲಲ್ಲಿ ತಡೆಯದಿರಿ ಎಂದು ಉಳಿದವರ ಕಡೆ ತಿರುಗಿ ಹೇಳಿದ: "ಬ್ರೋ, ಪಾರ್ಟ್ನರ್ ಆಯೇ ತೋ ಗೇಟ್ ಪೇ ರೋಕ್ನಾ ನಹೀ, ಸೀಧಾ ಅಂಕಲ್ ಕೇ ಪಾಸ್."